ಕನಿಷ್ಠ ವೇತನ: ಕಾಯ್ದೆ ಮತ್ತು ಸಮಾಜಕಾರ್ಯ

ದುಡಿಯುವವರಿಗೆ ಮಾಲೀಕರು ಕೊಡಲೇಬೇಕೆಂದು ಸರ್ಕಾರ ಗೊತ್ತುಮಾಡಿದ ಕೂಲಿಯೇ ಕನಿಷ್ಠ ವೇತನ. ಅದಕ್ಕಿಂತ ಕಡಿಮೆಗೆ ದುಡಿಯುತ್ತೇನೆಂದು ಕೆಲಸಗಾರರೇ ಒಪ್ಪಿ ಸಹಿ ಹಾಕಿದರೂ ಆ ಒಪ್ಪಂದ ಊರ್ಜಿತವಾಗುವುದಿಲ್ಲ. ಕೂಲಿಯನ್ನು ಚೌಕಾಸಿಗೆ ಬಿಟ್ಟರೆ ಹಸಿದವರು ಸೋಲುತ್ತಾರೆಂಬ ಅನುಭವದಿಂದ ಹುಟ್ಟಿದ ಕಾನೂನಿದು. ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಇದು ಬೆಲೆ ನಿಯಂತ್ರಣದ ಒಂದು ಬಗೆಯಾಗಿ, ಕಾರ್ಮಿಕ ಇಲಾಖೆಯ ಕಡತಗಳಲ್ಲಿ ದರಪಟ್ಟಿಯಾಗಿ ಕಾಣುತ್ತದೆ. ಗೆಜೆಟ್‌ನಲ್ಲಿ ಅಚ್ಚಾದ ದರ ಕೂಲಿಯವರ ಕೈಸೇರುವ ದಾರಿಯಾದರೋ ಬಹಳ ದೂರದ್ದು. ಲೆಕ್ಕ ಹಾಕುವಾಗ ಯಾರ ಸಂಸಾರದ ಖರ್ಚನ್ನು ಹಿಡಿಯಬೇಕು, ಯಾರನ್ನು ಕೆಲಸಗಾರರೆಂದು ಎಣಿಸಬೇಕು, ಮಾಡಿದ ಕೆಲಸವನ್ನು ಅಳೆಯುವವರು ಯಾರು ಎಂಬ ಜಗಳಗಳೆಲ್ಲ ಆ ದಾರಿಯಲ್ಲೇ ನಡೆದಿವೆ. ಆದಾಯದ ಅಸಮಾನತೆಯ ವಿರುದ್ಧ ಸಮಾಜಕಾರ್ಯಕರ್ತರು ಮಾಡಿದ ಕೆಲಸದ ಬಹುಭಾಗವೂ ಅಲ್ಲೇ ಇದೆ.

ಹುಟ್ಟು

ಕೂಲಿಯ ಕೆಳಮಿತಿಯನ್ನು ಕಾನೂನಿನಿಂದ ನಿಲ್ಲಿಸುವ ಕ್ರಮಕ್ಕೆ ನ್ಯೂಜಿಲೆಂಡಿನ 1894ರ ಮಧ್ಯಸ್ಥಿಕೆ ಕಾಯ್ದೆ ನಾಂದಿ ಹಾಡಿತು. 1896ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತವು ಹೊಲಿಗೆ, ಬೂಟು, ಬ್ರೆಡ್ಡು ಮೊದಲಾದ ಕಸುಬುಗಳಿಗೆ ವೇತನ ಮಂಡಳಿಗಳನ್ನು ನೇಮಿಸಿತು. ಬ್ರಿಟನ್ 1909ರಲ್ಲಿ ಇದೇ ದಾರಿ ಹಿಡಿದು, ಮೊದಲಿಗೆ ಕೇವಲ ನಾಲ್ಕು ಕಸುಬುಗಳನ್ನು ಮಂಡಳಿಗಳಿಗೆ ಒಳಪಡಿಸಿತು. ಅವುಗಳಲ್ಲಿ ಸರಪಳಿ ತಯಾರಿಕೆಯೂ ಒಂದು.

ಬರ್ಮಿಂಗ್‌ಹ್ಯಾಮ್‌ಗೆ ಸಮೀಪದ ಕ್ರ್ಯಾಡ್ಲಿ ಹೀತ್ ಎಂಬ ಊರಿನಲ್ಲಿ ಹೆಂಗಸರು ಮನೆಯ ಹಿತ್ತಲಿನ ಗುಡಿಸಲುಗಳಲ್ಲಿ ಕುಲುಮೆ ಹೂಡಿ, ಕಬ್ಬಿಣ ಕಾಯಿಸಿ ಬಡಿದು ಸರಪಳಿಯ ಕೊಂಡಿಗಳನ್ನು ಮಾಡುತ್ತಿದ್ದರು. 1910ರಲ್ಲಿ ಮಂಡಳಿ ಗಂಟೆಗೆ ಎರಡೂವರೆ ಪೆನ್ಸ್ ಎಂದು ದರ ಗೊತ್ತುಮಾಡಿತು. ಅದು ಅನೇಕರಿಗೆ ಅಲ್ಲಿಯವರೆಗೆ ಸಿಗುತ್ತಿದ್ದುದರ ಎರಡರಷ್ಟು. ಆ ಕಾಯ್ದೆಯಲ್ಲೊಂದು ಕಿಂಡಿಯಿತ್ತು: ಕೆಲಸಗಾರರು ಒಪ್ಪಿ ಬರೆದುಕೊಟ್ಟರೆ ಹೊಸ ದರವನ್ನು ಆರು ತಿಂಗಳು ಮುಂದೂಡಬಹುದಿತ್ತು. ಮಾಲೀಕರು ಅಕ್ಷರ ಬಾರದ ಹೆಂಗಸರಿಂದ ಅಂಥ ಕಾಗದಗಳಿಗೆ ಗುರುತು ಹಾಕಿಸಿಕೊಂಡರು. ಮೇರಿ ಮೆಕಾರ್ಥರ್ ಅವರ ಮುಂದಾಳತ್ವದಲ್ಲಿ ಮುಷ್ಕರ ಹತ್ತು ವಾರ ನಡೆಯಿತು. ದೇಶದ ನಾನಾ ಕಡೆಯಿಂದ ಚಂದಾ ಹರಿದುಬಂತು. ಕೊನೆಗೆ ಮಾಲೀಕರು ಮಣಿದರು, ಉಳಿದ ಹಣದಲ್ಲಿ ಆ ಊರಿನಲ್ಲಿ ಕಾರ್ಮಿಕರ ಭವನವೊಂದು ಎದ್ದಿತು. ಕಾಯ್ದೆ ಬಂದ ಮರುವರ್ಷವೇ ಅದನ್ನು ಜಾರಿಗೊಳಿಸಲು ಮುಷ್ಕರ ಹೂಡಬೇಕಾಗಿ ಬಂದ ಈ ಸಂಗತಿಯನ್ನು ಕನಿಷ್ಠ ವೇತನದ ಚರಿತ್ರೆ ಬರೆಯುವವರು ಯಾರೂ ಬಿಡುವಂತಿಲ್ಲ.

ಅಮೆರಿಕದಲ್ಲಿ ಕನಿಷ್ಠ ವೇತನದ ವಿಚಾರ ವೃತ್ತಿಪರ ಸಮಾಜಕಾರ್ಯದ ಜೊತೆಜೊತೆಗೇ ಬೆಳೆಯಿತು. ಜೇನ್ ಆಡಮ್ಸ್ 1889ರಲ್ಲಿ ಷಿಕಾಗೋದ ವಲಸಿಗರ ಬಡಾವಣೆಯಲ್ಲಿ ಹಲ್ ಹೌಸ್ ತೆರೆದರು. ಅಲ್ಲಿ ನೆಲೆಸಿದ ಫ್ಲಾರೆನ್ಸ್ ಕೆಲ್ಲಿ ಸುತ್ತಲಿನ ಮನೆಗಳಲ್ಲಿ ನಡೆಯುತ್ತಿದ್ದ ಹೊಲಿಗೆ ಕೆಲಸದ ಲೆಕ್ಕ ಹಿಡಿದರು. 1893ರಲ್ಲಿ ಇಲಿನಾಯ್ ರಾಜ್ಯದ ಕಾರ್ಖಾನೆ ನಿರೀಕ್ಷಕರಾದ ಅವರು ಮುಂದೆ ರಾಷ್ಟ್ರೀಯ ಬಳಕೆದಾರರ ಲೀಗನ್ನು ಮುನ್ನಡೆಸಿ, ಒಂದೊಂದೇ ರಾಜ್ಯದಲ್ಲಿ ವೇತನ ಕಾಯ್ದೆ ತರಲು ಓಡಾಡಿದರು. 1912ರಲ್ಲಿ ಮೊದಲ ಕಾಯ್ದೆ ತಂದದ್ದು ಮ್ಯಾಸಚೂಸೆಟ್ಸ್. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇಂಥ ಕಾಯ್ದೆಗಳು ಒಪ್ಪಂದದ ಸ್ವಾತಂತ್ರ್ಯಕ್ಕೆ ಧಕ್ಕೆ ತರುತ್ತವೆಂದು ತೀರ್ಪಿತ್ತಿತು. ಎಲ್ಸಿ ಪ್ಯಾರಿಷ್ ಎಂಬ ಹೋಟೆಲಿನ ಕೋಣೆ ಚೊಕ್ಕಟ ಮಾಡುವ ಹೆಣ್ಣುಮಗಳು ತನಗೆ ಬರಬೇಕಾದ ಬಾಕಿ ಕೇಳಿ ಹೂಡಿದ ದಾವೆಯಲ್ಲಿ, 1937ರಲ್ಲಿ, ಅದೇ ಕೋರ್ಟ್ ತನ್ನ ನಿಲುವನ್ನು ಬದಲಿಸಿತು. ಮರುವರ್ಷ ಗಂಟೆಗೆ 25 ಸೆಂಟ್ ಎಂಬ ರಾಷ್ಟ್ರವ್ಯಾಪಿ ದರ ಬಂತು. ಅದನ್ನು ಸಾಧಿಸಿದ ಕಾರ್ಮಿಕ ಸಚಿವೆ ಫ್ರಾನ್ಸಿಸ್ ಪರ್ಕಿನ್ಸ್ ಹಲ್ ಹೌಸಿನಲ್ಲಿ ಪಳಗಿದವರು. 1911ರಲ್ಲಿ ನ್ಯೂಯಾರ್ಕಿನ ಟ್ರಯಾಂಗಲ್ ಕಾರ್ಖಾನೆಗೆ ಬೆಂಕಿ ಬಿದ್ದು 146 ಮಂದಿ ಸತ್ತುದನ್ನು ಅವರು ಕಣ್ಣಾರೆ ಕಂಡಿದ್ದರು.

1938ರ ಆ ಕಾಯ್ದೆ ಹೊಲದ ಕೂಲಿಯವರನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತು. ದಕ್ಷಿಣದ ರಾಜ್ಯಗಳ ಕಪ್ಪು ಜನರಲ್ಲಿ ಹೆಚ್ಚಿನವರು ಮಾಡುತ್ತಿದ್ದುದು ಈ ಎರಡೇ ಕೆಲಸ. 1966ರಲ್ಲಿ ಕೃಷಿ, ಉಪಾಹಾರಗೃಹ, ಆಸ್ಪತ್ರೆ ಮುಂತಾದ ಕಡೆಗಳಿಗೆ ಕಾಯ್ದೆಯನ್ನು ವಿಸ್ತರಿಸಿದಾಗ ಕಪ್ಪು ಮತ್ತು ಬಿಳಿಯರ ಗಳಿಕೆಯ ನಡುವಿನ ಅಂತರ ಎದ್ದುಕಾಣುವಂತೆ ಇಳಿಯಿತು. ಎಲೋರಾ ದೆರೆನೊಂಕೂರ್ ಮತ್ತು ಕ್ಲೇರ್ ಮೊಂಟಿಯಾಲೂ ಎಂಬ ಅರ್ಥಶಾಸ್ತ್ರಜ್ಞರ ಪ್ರಕಾರ ಆ ಕಾಲದ ಇಳಿಕೆಯಲ್ಲಿ ಶೇ 20ಕ್ಕೂ ಹೆಚ್ಚಿನ ಪಾಲು ಈ ವಿಸ್ತರಣೆಯದು. ದರ ಎಷ್ಟೆಂಬುದಕ್ಕೆ ಸಮನಾಗಿ ಅದು ಯಾರಿಗೆ ಅನ್ವಯಿಸುತ್ತದೆ ಎಂಬುದೂ ಅಸಮಾನತೆಯನ್ನು ತೀರ್ಮಾನಿಸುತ್ತದೆ ಎನ್ನಲು ಇದಕ್ಕಿಂತ ಗಟ್ಟಿ ಪುರಾವೆ ಸಿಗುವುದು ಕಷ್ಟ.

ಭಾರತದ ಕಾಯ್ದೆ

ಭಾರತದಲ್ಲಿ ಕೂಲಿಯ ಪ್ರಶ್ನೆಗೂ ಸಮಾಜಕಾರ್ಯಕ್ಕೂ ಗಂಟು ಬಿದ್ದದ್ದು ಅಹಮದಾಬಾದಿನಲ್ಲಿ. 1918ರಲ್ಲಿ ಅಲ್ಲಿನ ನೇಕಾರರ ಪರ ನಿಂತ ಅನಸೂಯಾ ಸಾರಾಭಾಯಿ, ಎದುರು ನಿಂತ ಮಿಲ್ ಮಾಲೀಕರ ನಾಯಕ ಅಂಬಾಲಾಲ್ ಸಾರಾಭಾಯಿಯವರ ಅಕ್ಕ. ನೇಕಾರರು ಶೇ 50ರಷ್ಟು ಏರಿಕೆ ಕೇಳುತ್ತಿದ್ದರು, ಮಾಲೀಕರು ಶೇ 20 ಎನ್ನುತ್ತಿದ್ದರು. ಗಾಂಧೀಜಿ ಮತ್ತು ಸಂಗಡಿಗರು ಕೂಲಿ ದರಗಳನ್ನು ವಿಚಾರಿಸಿ ನೋಡಿ ಶೇ 35 ನ್ಯಾಯವೆಂದು ಹೇಳಿ, ಅಷ್ಟಕ್ಕೇ ಪಟ್ಟು ಹಿಡಿದರು. ಕೇಳುವ ಮೊದಲು ಲೆಕ್ಕ ಹಾಕುವ ಈ ಪದ್ಧತಿ ಮುಂದೆ ಅಲ್ಲಿನ ಮಿಲ್ ಕೆಲಸಗಾರರ ಮಜೂರ್ ಮಹಾಜನ ಸಂಘದ ಶಿಸ್ತಾಯಿತು. ಆ ಸಂಘದ ಮಡಿಲಿನಿಂದಲೇ 1972ರಲ್ಲಿ, ಸ್ವಂತ ದುಡಿಮೆಯ ಹೆಂಗಸರಿಗಾಗಿ ಇಳಾ ಭಟ್ ಕಟ್ಟಿದ ‘ಸೇವಾ’ ಸಂಘ ಹೊರಬಂತು.

ಕನಿಷ್ಠ ವೇತನ ಮಸೂದೆಯನ್ನು 1946ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದವರು ಅಂದಿನ ಕಾರ್ಮಿಕ ಸದಸ್ಯ ಡಾ. ಬಿ.ಆರ್. ಅಂಬೇಡ್ಕರ್. 1948ರಲ್ಲಿ ಅದು ಕಾಯ್ದೆಯಾಯಿತು. ಬೀಡಿ, ಅಕ್ಕಿ ಗಿರಣಿ, ತೋಟ, ಕಲ್ಲು ಒಡೆಯುವುದು, ರಸ್ತೆ ಮತ್ತು ಕಟ್ಟಡ ಕೆಲಸ, ಚರ್ಮ ಹದಮಾಡುವುದು, ಬೇಸಾಯ ಮುಂತಾದವು ಅದರ ಮೊದಲ ಅನುಸೂಚಿಯಲ್ಲಿದ್ದವು. ಸಂಘ ಕಟ್ಟಿಕೊಂಡು ಮಾಲೀಕರೊಡನೆ ಮಾತಾಡಲಾಗದ ಜನರ ಕಸುಬುಗಳನ್ನೇ ಹುಡುಕಿ ಹಾಕಿದಂತಿದೆ ಆ ಪಟ್ಟಿ. ಐದು ವರ್ಷದೊಳಗೆ ದರ ಪರಿಷ್ಕರಿಸಬೇಕೆಂದೂ ಕಾಯ್ದೆ ಹೇಳಿತು. ಸಂವಿಧಾನದ 43ನೇ ವಿಧಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎಲ್ಲ ಕೆಲಸಗಾರರಿಗೂ ಬದುಕಲು ತಕ್ಕ ವೇತನ ಸಿಗುವಂತೆ ಮಾಡುವುದು ರಾಜ್ಯದ ಗುರಿಯೆಂದಿತು.

‘ತಕ್ಕ’ ಎಂದರೆ ಎಷ್ಟೆಂಬುದನ್ನು 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಬಿಡಿಸಿ ಹೇಳಿತು. ದುಡಿಯುವವನು ಒಂದು ಘಟಕ, ಹೆಂಡತಿ 0.8, ಎರಡು ಮಕ್ಕಳು ತಲಾ 0.6, ಒಟ್ಟು ಮೂರು ಬಳಕೆ ಘಟಕ. ಒಂದು ಘಟಕಕ್ಕೆ ದಿನಕ್ಕೆ 2700 ಕ್ಯಾಲರಿ ಆಹಾರ, ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಸರ್ಕಾರದ ಕೈಗಾರಿಕಾ ವಸತಿ ಯೋಜನೆಯ ಮನೆಗೆ ತಗಲುವ ಬಾಡಿಗೆ, ಸೌದೆ-ದೀಪ ಮೊದಲಾದ ಖರ್ಚಿಗೆ ಕನಿಷ್ಠ ವೇತನದ ಶೇ 20. ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ, 1991ರಲ್ಲಿ, ಸುಪ್ರೀಂ ಕೋರ್ಟ್ ಮಕ್ಕಳ ಓದು, ಔಷಧಿ, ಹಬ್ಬಹರಿದಿನ, ಮುಪ್ಪು, ಮದುವೆಗಳಿಗಾಗಿ ಇನ್ನೂ ಶೇ 25 ಸೇರಿಸಬೇಕೆಂದಿತು. ಈ ಲೆಕ್ಕವನ್ನು ಒಂದು ನಿಜವಾದ ಸಂಸಾರದ ಪಕ್ಕದಲ್ಲಿಟ್ಟು ನೋಡಿದ ಯಾರಿಗಾದರೂ ಅದರ ಕೊರತೆ ಕಾಣುತ್ತದೆ. ಮನೆಯಲ್ಲಿರುವ ಅಪ್ಪ ಅಮ್ಮ ಈ ಮೂರು ಘಟಕಗಳಲ್ಲಿ ಎಲ್ಲೂ ಇಲ್ಲ. ಅನೂಪ್ ಸತ್ಪತಿ ನೇತೃತ್ವದ ಪರಿಣತರ ಸಮಿತಿ 2019ರಲ್ಲಿ ಘಟಕಗಳನ್ನು 3.6ಕ್ಕೆ ಏರಿಸಿತು. ಕ್ಯಾಲರಿಯನ್ನು 2400ಕ್ಕೆ ಇಳಿಸಿ, 50 ಗ್ರಾಂ ಪ್ರೋಟೀನು, 30 ಗ್ರಾಂ ಕೊಬ್ಬು ಸೇರಿಸಿ, ರಾಷ್ಟ್ರೀಯ ಕನಿಷ್ಠ ವೇತನ ದಿನಕ್ಕೆ 375 ರೂಪಾಯಿ ಇರಬೇಕೆಂದಿತು. ಅದೇ ವರ್ಷ ಕೇಂದ್ರ ಸರ್ಕಾರ ಘೋಷಿಸಿದ ತಳಮಟ್ಟದ ದರ 178 ರೂಪಾಯಿ. ತಾನೇ ನೇಮಿಸಿದ ಸಮಿತಿಯ ಅಂಕಿಯ ಅರ್ಧಕ್ಕೂ ತಲುಪದ ಈ ದರಕ್ಕೆ ಯಾವ ಸಮರ್ಥನೆಯೂ ಸಾಲದು.

ಅಳತೆ ಟೇಪು ಮತ್ತು ಹಾಜರಿ ಪಟ್ಟಿ

ಕನಿಷ್ಠ ವೇತನಕ್ಕೆ ಸಂವಿಧಾನದ ಬಲ ತಂದುಕೊಟ್ಟದ್ದು 1982ರ ಏಷ್ಯಾಡ್ ತೀರ್ಪು. ಏಷ್ಯನ್ ಕ್ರೀಡಾಕೂಟಕ್ಕಾಗಿ ದೆಹಲಿಯಲ್ಲಿ ಕ್ರೀಡಾಂಗಣ, ಮೇಲ್ಸೇತುವೆ ಕಟ್ಟುತ್ತಿದ್ದ ಕೂಲಿಯವರ ದಿನದ ದರ 9.25 ರೂಪಾಯಿ. ಅವರನ್ನು ಕರೆತಂದ ಜಮಾದಾರರು ತಲೆಗೆ ಒಂದು ರೂಪಾಯಿ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಿದ್ದರು. ಈ ಕುರಿತ ವರದಿಯೊಂದರ ಆಧಾರದ ಮೇಲೆ ಬಂದ ಪತ್ರವನ್ನೇ ಸುಪ್ರೀಂ ಕೋರ್ಟ್ ರಿಟ್ ಅರ್ಜಿಯೆಂದು ಸ್ವೀಕರಿಸಿತು. ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸಿಕೊಳ್ಳುವುದು 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿ ಬರೆದರು. ಹೊಡೆದು ಬಡಿದು ದುಡಿಸಿದರೆ ಮಾತ್ರ ಬಲವಂತವಲ್ಲ, ಹಸಿವು ತಂದೊಡ್ಡುವ ಅನಿವಾರ್ಯವೂ ಬಲವಂತವೇ ಎಂಬ ಈ ವಾದ ಕರ್ನಾಟಕದಲ್ಲಿ ಜೀತ ವಿಮುಕ್ತಿ ಕರ್ನಾಟಕ, ಅಂದರೆ ಜೀವಿಕದಂಥ ಸಂಘಟನೆಗಳ ಕೆಲಸಕ್ಕೂ ಒದಗಿತು. ಸಾಲಕ್ಕೆ ದುಡಿಯುವ ಆಳಿನ ಸಂಬಳವನ್ನು ಕನಿಷ್ಠ ವೇತನದ ಪಕ್ಕದಲ್ಲಿಟ್ಟು ತೋರಿಸಿದರೆ ಜೀತ ಕಣ್ಣಿಗೆ ಕಟ್ಟುತ್ತದೆ.

ಮರುವರ್ಷ ಬಂದ ಸಂಜಿತ್ ರಾಯ್ ಪ್ರಕರಣ ಸಮಾಜಕಾರ್ಯದ ಚರಿತ್ರೆಗೆ ಇನ್ನೂ ಹತ್ತಿರದ್ದು. ಅರ್ಜಿದಾರರು ರಾಜಸ್ಥಾನದ ತಿಲೋನಿಯಾದಲ್ಲಿರುವ ಸಮಾಜಕಾರ್ಯ ಮತ್ತು ಸಂಶೋಧನ ಕೇಂದ್ರದ ನಿರ್ದೇಶಕ, ಬಂಕರ್ ರಾಯ್ ಎಂದು ಹೆಸರಾದವರು. ಅಜ್ಮೀರ್ ಜಿಲ್ಲೆಯಲ್ಲಿ ಬರ ಪರಿಹಾರಕ್ಕೆಂದು ಲೋಕೋಪಯೋಗಿ ಇಲಾಖೆ ರಸ್ತೆ ಮಾಡಿಸುತ್ತಿತ್ತು. ಅಲ್ಲಿ ಕೂಲಿಗೆ ಬಂದವರಲ್ಲಿ ಹೆಂಗಸರು ಬಹಳ. ಕನಿಷ್ಠ ದರ ದಿನಕ್ಕೆ 7 ರೂಪಾಯಿ. ಆದರೆ ಜನರನ್ನು ಇಪ್ಪತ್ತರ ಗುಂಪುಗಳಾಗಿ ಮಾಡಿ, ಹದಿನೈದು ದಿನಕ್ಕೊಮ್ಮೆ ಇಡೀ ಗುಂಪು ಅಗೆದ ಮಣ್ಣನ್ನು ಅಳೆದು, ಬಂದ ಮೊತ್ತವನ್ನು ತಲೆಗೆ ಹಂಚುತ್ತಿದ್ದರು. ಅಳತೆ ಕಡಿಮೆ ಬಂದರೆ ಎಲ್ಲರ ಕೂಲಿಯೂ ಇಳಿಯುತ್ತಿತ್ತು. ಎಷ್ಟು ಅಗೆದರೆಂಬುದನ್ನು ಅಗೆದವರು ಹೇಳುವಂತಿರಲಿಲ್ಲ. ಇದು ಪರಿಹಾರ ಕಾಮಗಾರಿ, ಕಾರ್ಮಿಕ ಕಾಯ್ದೆಗಳಿಂದ ವಿನಾಯಿತಿ ಇದೆ ಎಂದು ಸರ್ಕಾರ 1964ರ ರಾಜ್ಯ ಕಾಯ್ದೆಯನ್ನು ಮುಂದಿಟ್ಟಿತು. ಬರದಿಂದ ನೊಂದವರ ನಿಸ್ಸಹಾಯಕತೆಯ ಲಾಭವನ್ನು ರಾಜ್ಯ ಪಡೆಯುವಂತಿಲ್ಲವೆಂದು ಕೋರ್ಟ್ ಆ ವಿನಾಯಿತಿಯನ್ನು ಅನೂರ್ಜಿತಗೊಳಿಸಿತು. ಇಲ್ಲಿ ಕಡಿಮೆ ಕೂಲಿ ಕೊಟ್ಟ ಮಾಲೀಕ ಸ್ವತಃ ಸರ್ಕಾರ ಎಂಬುದನ್ನು ನೆನಪಿಡಬೇಕು.

ತೀರ್ಪಿನಿಂದ ಅಳತೆಯ ತೊಡಕು ಬಗೆಹರಿಯಲಿಲ್ಲ. ತಿಲೋನಿಯಾದಲ್ಲಿ ಕೆಲಸ ಮಾಡಿ ಹೊರಬಂದ ಅರುಣಾ ರಾಯ್ ಅವರು ನಿಖಿಲ್ ಡೇ ಮತ್ತು ಶಂಕರ್ ಸಿಂಗ್ ಜೊತೆಗೂಡಿ 1987ರಲ್ಲಿ ದೇವ್‌ಡೂಂಗ್ರಿ ಎಂಬ ಹಳ್ಳಿಯಲ್ಲಿ ನೆಲೆಸಿದರು. ಬರ ಕಾಮಗಾರಿಯಲ್ಲಿ ಪೂರ್ತಿ ಕೂಲಿ ಕೊಡಿ ಎಂದು ಜನ ಕೇಳಿದರೆ, ನೀವು ಅಷ್ಟು ಕೆಲಸ ಮಾಡಿಲ್ಲ ಎಂದು ಎಂಜಿನಿಯರು ಹೇಳುತ್ತಿದ್ದರು. ಹಾಗಾದರೆ ಹಾಜರಿ ಪಟ್ಟಿ ತೋರಿಸಿ ಎಂದರೆ, ಅದು ಸರ್ಕಾರಿ ದಾಖಲೆ, ತೋರಿಸುವಂತಿಲ್ಲ ಎಂಬ ಉತ್ತರ. 1990ರ ಮೇ 1ರಂದು ಹುಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರ ಡಿಸೆಂಬರಿನಿಂದ ಜನಸುನವಾಯಿ, ಅಂದರೆ ಸಾರ್ವಜನಿಕ ವಿಚಾರಣೆ ನಡೆಸಿ, ಆ ಪಟ್ಟಿಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಿಸಿತು. ಊರಲ್ಲೇ ಇಲ್ಲದವರ ಹೆಸರು, ಸತ್ತವರ ಹೆಸರು ಹೊರಬಿದ್ದವು. ಇಂಥ ದಾಖಲೆಗಳನ್ನು ನೋಡುವ ಹಕ್ಕಿಗಾಗಿ 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ಧರಣಿ ಕೂತರು. 2005ರ ಮಾಹಿತಿ ಹಕ್ಕು ಕಾಯ್ದೆಯ ಬೇರು ಇಲ್ಲಿದೆ. ಕೂಲಿಯ ಜಗಳವೊಂದು ಇಡೀ ದೇಶದ ನಾಗರಿಕರ ಕೈಗೆ ಒಂದು ಹಕ್ಕನ್ನು ತಂದುಕೊಟ್ಟಿತು.

ಗ್ರಾಮೀಣ ಉದ್ಯೋಗ ಖಾತ್ರಿ ಯೋಜನೆ ಬಂದಮೇಲೂ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಎದ್ದಿತು. 2009ರಲ್ಲಿ ಕೇಂದ್ರ ಸರ್ಕಾರ ಖಾತ್ರಿ ಕೆಲಸದ ಕೂಲಿಯನ್ನು 100 ರೂಪಾಯಿಗೆ ಕಟ್ಟಿಹಾಕಿ, ರಾಜ್ಯಗಳ ಕನಿಷ್ಠ ವೇತನದಿಂದ ಬೇರ್ಪಡಿಸಿತು. 2011ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಖಾತ್ರಿ ಕೆಲಸದವರಿಗೂ ಕನಿಷ್ಠ ವೇತನ ಕೊಡಬೇಕೆಂದು ತೀರ್ಪಿತ್ತಿತು. ಅದಕ್ಕೆ ತಡೆಯಾಜ್ಞೆ ನೀಡಲು 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆದರೂ ಅನೇಕ ರಾಜ್ಯಗಳಲ್ಲಿ ಖಾತ್ರಿ ಕೂಲಿ ಕನಿಷ್ಠ ವೇತನಕ್ಕಿಂತ ಕೆಳಗೇ ಉಳಿಯಿತು. ಉತ್ತರ ಕರ್ನಾಟಕದಲ್ಲಿ ಗ್ರಾಮೀಣ ಕೂಲಿಕಾರ್ಮಿಕರ ಸಂಘಟನೆಯಂಥವು ಕೆಲಸಕ್ಕೆ ಅರ್ಜಿ ಹಾಕಿಸುವುದು, ರಸೀದಿ ಕೇಳಿ ಪಡೆಯುವುದು, ಬಾಕಿ ಕೂಲಿಗಾಗಿ ಪಂಚಾಯಿತಿ ಮುಂದೆ ಕೂರುವುದು, ಇವನ್ನೇ ವರ್ಷಗಟ್ಟಲೆ ಮಾಡಿಕೊಂಡು ಬಂದಿವೆ.

ಕೆಲಸಗಾರರೆಂದರೆ ಯಾರು

ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಮಾಡಿದ ರಾಜ್ಯಗಳಲ್ಲಿ ಕರ್ನಾಟಕ ಮುಂಚೂಣಿಯದು. 2004ರಲ್ಲೇ ಅಧಿಸೂಚನೆ ಬಂತು. ಅದರ ಹಿಂದೆ ಬೆಂಗಳೂರಿನ ಕೊಳೆಗೇರಿಗಳಲ್ಲಿ ಹೆಂಗಸರನ್ನು ಸಂಘಟಿಸಿದ ಎರಡು ದಶಕಗಳ ದುಡಿಮೆಯಿದೆ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದ ರೂತ್ ಮನೋರಮಾ 1985ರಲ್ಲಿ ‘ವಿಮೆನ್ಸ್ ವಾಯ್ಸ್’ ಕಟ್ಟಿದರು. ದಲಿತ ಹೆಂಗಸರ ನಡುವೆ ಮಾಡಿದ ಕೆಲಸಕ್ಕಾಗಿ 2006ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಸ್ತ್ರೀ ಜಾಗೃತಿ ಸಮಿತಿ ಮನೆಗೆಲಸದವರ ಯೂನಿಯನ್ನು ಕಟ್ಟಿತು. ದರ ಬಂದರೂ ಜಾರಿ ಮಾತ್ರ ಸುಲಭವಾಗಲಿಲ್ಲ, ಏಕೆಂದರೆ ಕೆಲಸದ ಜಾಗ ಮತ್ತೊಬ್ಬರ ಮನೆ. ಅಲ್ಲಿ ಹಾಜರಿ ಪುಸ್ತಕವಿಲ್ಲ, ಸಂಬಳದ ಚೀಟಿಯಿಲ್ಲ. ಪಾತ್ರೆ, ಬಟ್ಟೆ, ನೆಲ ಒರೆಸುವುದಕ್ಕೆ ಬೇರೆಬೇರೆ ಮನೆಯಲ್ಲಿ ಬೇರೆಬೇರೆ ದುಡ್ಡು. ಹಬ್ಬಕ್ಕೆ ಕೊಟ್ಟ ಸೀರೆಯನ್ನೂ ಸಂಬಳದ ಮಾತು ಬಂದಾಗ ಎಣಿಸುವ ಮನೆಗಳಿವೆ.

ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರ ಸ್ಥಿತಿ ಬೇರೆ ರೀತಿಯದು. ಸರ್ಕಾರ ಅವರಿಗೆ ಕೊಡುವುದನ್ನು ಗೌರವಧನ ಎನ್ನುತ್ತದೆ. ಆದ್ದರಿಂದ ಕನಿಷ್ಠ ವೇತನದ ಮಾತೇ ಏಳುವುದಿಲ್ಲ. ಕರ್ನಾಟಕದಿಂದ ಹೋದ ಅಮೀರ್‌ಬಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲವೆಂದಿತು. 2022ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಅವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದು ಅದೇ ಕೋರ್ಟ್ ಒಪ್ಪಿತು. ಹಳ್ಳಿಯ ಗರ್ಭಿಣಿಯರ, ಕೂಸುಗಳ ಜವಾಬ್ದಾರಿ ಹೊತ್ತವರನ್ನು ಸ್ವಯಂಸೇವಕಿಯರೆಂದು ಕರೆದು ಕಡಿಮೆ ಸಂಬಳಕ್ಕೆ ದುಡಿಸಿಕೊಳ್ಳುವುದು ಅನ್ಯಾಯ.

ಬೀಡಿ ಕಟ್ಟುವವರು ಮೊದಲ ಅನುಸೂಚಿಯಲ್ಲೇ ಇದ್ದರು. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಮನೆ ಜಗುಲಿಯಲ್ಲಿ ಕೂತು ಕಟ್ಟುವ ಹೆಂಗಸರಿಗೆ ಸಾವಿರ ಬೀಡಿಗೆ ಇಷ್ಟೆಂದು ಕೂಲಿ. ಎಲೆ, ಹೊಗೆಸೊಪ್ಪು, ನೂಲು ಗುತ್ತಿಗೆದಾರನಿಂದ ಬರುತ್ತದೆ. ಹರಿದ, ತೂತು ಬಿದ್ದ ಎಲೆ ಹೆಚ್ಚಿದ್ದರೆ ಸಾವಿರ ತುಂಬುವುದಿಲ್ಲ, ಕೊರತೆಯ ಎಲೆಯನ್ನು ಕೈಯಿಂದ ದುಡ್ಡು ಹಾಕಿ ಕೊಂಡು ಭರ್ತಿ ಮಾಡಬೇಕು. ಒಪ್ಪಿಸುವಾಗ ಸರಿಯಿಲ್ಲವೆಂದು ತೆಗೆದಿಟ್ಟ ಬೀಡಿಗೆ ದುಡ್ಡೂ ಇಲ್ಲ, ಆ ಬೀಡಿ ವಾಪಸೂ ಬರುವುದಿಲ್ಲ. ಹೀಗೆ ದರ ಕಾಗದದಲ್ಲಿ ಪೂರ್ತಿ ಇದ್ದೂ ಕೈಗೆ ಬರುವುದು ಅದಕ್ಕಿಂತ ಕಡಿಮೆ.

ಗಾರ್ಮೆಂಟ್ಸ್ ಮತ್ತು ತುಟ್ಟಿಭತ್ಯೆ

ಬೆಂಗಳೂರಿನ ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಗಳ ಗಾರ್ಮೆಂಟ್ಸ್‌ಗೆ ಹೋಗುವವರಲ್ಲಿ ಹೆಂಗಸರೇ ಬಹುಪಾಲು. ಅಲ್ಲಿ ಕನಿಷ್ಠ ವೇತನವೇ ಗರಿಷ್ಠವೂ ಹೌದು. ಹತ್ತು ವರ್ಷ ಮಷೀನಿನಲ್ಲಿ ಕೂತ ಟೈಲರಿಗೂ ಹೊಸಬಳಿಗೂ ಸಂಬಳದಲ್ಲಿ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಆದ್ದರಿಂದ ಪ್ರತಿ ಏಪ್ರಿಲ್‌ನಲ್ಲಿ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಏರುವ ತುಟ್ಟಿಭತ್ಯೆಯೇ ಅವರ ಪಾಲಿನ ವಾರ್ಷಿಕ ಬಡ್ತಿ. 2020ರ ಏಪ್ರಿಲ್‌ನಿಂದ ಸಲ್ಲಬೇಕಾಗಿದ್ದ ತುಟ್ಟಿಭತ್ಯೆ ತಿಂಗಳಿಗೆ 417.60 ರೂಪಾಯಿ. ಕೋವಿಡ್ ಕಾರಣ ಕೊಟ್ಟು ಸರ್ಕಾರ ಅದನ್ನು ಮುಂದೂಡಿತು. ಕಾರ್ಮಿಕ ಸಂಘಗಳು ಹೈಕೋರ್ಟಿಗೆ ಹೋದವು, ಕೊಡಬೇಕೆಂದು ಆದೇಶವಾಯಿತು. ಆದೇಶದ ನಂತರವೂ ಅನೇಕ ಕಾರ್ಖಾನೆಗಳು ಕೊಡಲಿಲ್ಲ. ಯೂನಿಯನ್‌ಗಳು ಸಂಬಳದ ಚೀಟಿಗಳನ್ನು ಕಲೆಹಾಕಿ, ಹೊರದೇಶದ ಕಾರ್ಮಿಕ ಹಕ್ಕುಗಳ ಸಂಸ್ಥೆಗಳ ಮೂಲಕ ಬಟ್ಟೆ ಕೊಳ್ಳುವ ಬ್ರ್ಯಾಂಡುಗಳ ಮೇಲೆ ಒತ್ತಡ ತಂದಮೇಲೆ, 2022ರ ಹೊತ್ತಿಗೆ ದೊಡ್ಡ ಕಾರ್ಖಾನೆಗಳು ಬಾಕಿ ತೀರಿಸತೊಡಗಿದವು. ಊಟದ ಡಬ್ಬಿ, ಬಸ್ ಪಾಸು, ಮಗುವಿನ ಟ್ಯೂಷನ್ ನಡುವೆ ಲೆಕ್ಕ ಹಾಕುವವರಿಗೆ 417 ರೂಪಾಯಿ ಸಣ್ಣದಲ್ಲ.

ಇಲ್ಲಿ ಸಮಾಜಕಾರ್ಯದ ಒಳಗಿನ ಒಂದು ಬಿಕ್ಕಟ್ಟನ್ನೂ ಹೇಳಬೇಕು. ಸಮಾಜಕಾರ್ಯ ಕಲಿಸುವ ಸಂಸ್ಥೆಗಳ ಪೈಕಿ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1936ರಲ್ಲಿ, ಮಂಗಳೂರಿನ ರೋಶನಿ ನಿಲಯ 1960ರಲ್ಲಿ ಶುರುವಾದವು. 1948ರ ಕಾರ್ಖಾನೆ ಕಾಯ್ದೆ 500 ಮಂದಿ ಇರುವ ಕಡೆ ಕಲ್ಯಾಣಾಧಿಕಾರಿ ಇರಬೇಕೆಂದ ಮೇಲೆ ಎಂ.ಎಸ್‌.ಡಬ್ಲ್ಯು. ಓದಿದ ಎಷ್ಟೋ ಮಂದಿಗೆ ಆ ಕೆಲಸ ಸಿಕ್ಕಿತು. ಕೆಲಸಗಾರರ ಅಹವಾಲು ಕೇಳಬೇಕಾದ ಆ ಅಧಿಕಾರಿಗೆ ಸಂಬಳ ಕೊಡುವುದು ಮಾಲೀಕರು. ಶೌಚಾಲಯ, ಕ್ಯಾಂಟೀನು, ಶಿಶುವಿಹಾರದ ಬಗ್ಗೆ ಮಾತಾಡಬಹುದಾದ ಅವರು ಕೂಲಿಯ ಬಗ್ಗೆ ಬಾಯಿಬಿಡುವುದು ಕಷ್ಟ. ವೃತ್ತಿ ಶಿಕ್ಷಣವು ಈ ಸಂಕಟವನ್ನು ತರಗತಿಯಲ್ಲಿ ನೇರವಾಗಿ ಚರ್ಚಿಸಬೇಕು. ಕನಿಷ್ಠ ವೇತನದ ಅಧಿಸೂಚನೆ ಓದುವುದು, ಸಂಬಳದ ಚೀಟಿಯಲ್ಲಿ ಮೂಲ ವೇತನ, ಭತ್ಯೆ, ಪಿ.ಎಫ್, ಇ.ಎಸ್‌.ಐ. ಕಡಿತಗಳನ್ನು ಬಿಡಿಸಿ ನೋಡುವುದು, ಬಾಕಿಯ ಅರ್ಜಿ ಬರೆಯುವುದು, ಇವನ್ನು ಕ್ಷೇತ್ರಕಾರ್ಯದಲ್ಲಿ ಕಲಿಸಬೇಕು.

ಅರ್ಥಶಾಸ್ತ್ರದ ವಾದ

ಕೂಲಿ ಏರಿಸಿದರೆ ಕೆಲಸ ಹೋಗುತ್ತದೆ ಎಂಬುದು ಹಳೆಯ ಆಕ್ಷೇಪ. 1992ರಲ್ಲಿ ನ್ಯೂಜೆರ್ಸಿ ರಾಜ್ಯ ಕನಿಷ್ಠ ವೇತನವನ್ನು ಗಂಟೆಗೆ 4.25ರಿಂದ 5.05 ಡಾಲರಿಗೆ ಏರಿಸಿದಾಗ, ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅಲ್ಲಿನ ಫಾಸ್ಟ್‌ಫುಡ್ ಹೋಟೆಲುಗಳನ್ನು ದರ ಏರದ ನೆರೆಯ ಪೆನ್ಸಿಲ್ವೇನಿಯಾದವುಗಳ ಜೊತೆ ಹೋಲಿಸಿದರು. ಕೆಲಸ ಕಡಿಮೆಯಾದದ್ದು ಕಾಣಲಿಲ್ಲ. ಈ ಬಗೆಯ ಅಧ್ಯಯನಗಳಿಗಾಗಿ ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಪುರಸ್ಕಾರ ಬಂತು. ಬ್ರಿಟನ್ 1999ರಲ್ಲಿ, ಜರ್ಮನಿ 2015ರಲ್ಲಿ ದೇಶವ್ಯಾಪಿ ದರ ತಂದಾಗಲೂ ಹೇಳಿದಂಥ ಅನಾಹುತ ಆಗಲಿಲ್ಲ. ಮಿತಿಮೀರಿ ಏರಿಸಿದರೆ ಕೆಲಸಕ್ಕೆ ಕುತ್ತು ಬರಬಹುದೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಭಾರತದ ದರಗಳು ಆ ಮಿತಿಯ ಹತ್ತಿರ ಇಲ್ಲ. ಕರ್ನಾಟಕದಲ್ಲಿ ಊರಿಂದೂರಿಗೆ ದರ ಬೇರೆಯಾಗುವ ವಲಯ ಪದ್ಧತಿಯಿದ್ದು, ಗಾರ್ಮೆಂಟ್ ಮಾಲೀಕರು ಕಡಿಮೆ ದರದ ಪಟ್ಟಣಗಳತ್ತ ಹೋಗುವುದು ನಿಜ. ಇದು ದರವನ್ನು ತಗ್ಗಿಸಲು ಕಾರಣವಲ್ಲ, ವಲಯಗಳ ಅಂತರ ಕುಗ್ಗಿಸಲು ಕಾರಣ.

ಕನಿಷ್ಠ ವೇತನದ ಮಿತಿಯೂ ಸ್ಪಷ್ಟ. ಅದು ಕೂಲಿಗಾರರ ನಡುವಿನ ಕೆಳಹಂತದ ಅಂತರವನ್ನು ಕುಗ್ಗಿಸುತ್ತದೆ, ಆಸ್ತಿಯಿಂದ ಬರುವ ಆದಾಯವನ್ನು ಮುಟ್ಟುವುದಿಲ್ಲ. ಭಾರತದಲ್ಲಿ ದುಡಿಯುವವರ ಅರ್ಧಕ್ಕೂ ಹೆಚ್ಚು ಮಂದಿ ಸ್ವಂತ ಹೊಲ, ಅಂಗಡಿ, ತಳ್ಳುಗಾಡಿ ನಂಬಿದವರು. ಅವರಿಗೆ ಈ ಕಾಯ್ದೆ ನೇರವಾಗಿ ತಲುಪದು. ಬ್ರೆಜಿಲ್‌ನಲ್ಲಿ ಪಿಂಚಣಿಯ ಕನಿಷ್ಠ ಮೊತ್ತವನ್ನೂ ಕನಿಷ್ಠ ವೇತನಕ್ಕೆ ಕಟ್ಟಿದ್ದರಿಂದ, 2000ದ ದಶಕದಲ್ಲಿ ದರ ಏರಿದಾಗ ಕೂಲಿ ಮಾಡಲಾಗದ ಮುದುಕರ ಮನೆಗಳಿಗೂ ಅದರ ಫಲ ಮುಟ್ಟಿತು. ಕರ್ನಾಟಕದ ಸಾಮಾಜಿಕ ಭದ್ರತಾ ಪಿಂಚಣಿಗಳನ್ನು ಹೀಗೆ ಕೂಲಿಯ ಒಂದು ಪಾಲಿಗೆ ಜೋಡಿಸುವ ಯೋಚನೆ ಇಲ್ಲಿ ಇನ್ನೂ ಚರ್ಚೆಗೇ ಬಂದಿಲ್ಲವೆನ್ನುವಷ್ಟು ಹಿಂದಿದೆ.

ಹೊಸ ಸಂಹಿತೆ

1948ರ ಕಾಯ್ದೆಯ ಜಾಗಕ್ಕೆ 2019ರ ವೇತನ ಸಂಹಿತೆ ಬಂತು. ಅದು 2025ರ ನವೆಂಬರ್ 21ರಂದು ಜಾರಿಯಾಯಿತು. ಅನುಸೂಚಿ ಹೋಗಿ ಎಲ್ಲ ಉದ್ಯೋಗಗಳೂ ವ್ಯಾಪ್ತಿಗೆ ಬಂದವು, ತಳಮಟ್ಟದ ದರಕ್ಕೆ ಕಾನೂನಿನ ಬಲ ಸಿಕ್ಕಿತು. ಬಾಕಿ ಕೇಳುವ ಅವಧಿ ಆರು ತಿಂಗಳಿಂದ ಮೂರು ವರ್ಷಕ್ಕೆ ಏರಿತು. ಕಡಿಮೆ ಕೊಟ್ಟವರಿಗೆ ಹಿಂದೆ 500 ರೂಪಾಯಿ ಇದ್ದ ಗರಿಷ್ಠ ದಂಡ ಮೊದಲ ತಪ್ಪಿಗೆ 50,000 ರೂಪಾಯಿ ಆಯಿತು, ಆದರೆ ಆ ತಪ್ಪಿಗೆ ಜೈಲು ಇಲ್ಲ. ನಿರೀಕ್ಷಕರು ಈಗ ಸಲಹೆ ಕೊಡುವವರೂ ಆಗಿದ್ದಾರೆ, ತಪ್ಪು ಸರಿಪಡಿಸಿಕೊಳ್ಳಲು ಮಾಲೀಕರಿಗೆ ಮೊದಲು ಅವಕಾಶ ಕೊಡಬೇಕು. ಮೊದಲೇ ಕಡಿಮೆಯಿದ್ದ ತಪಾಸಣೆ ಇದರಿಂದ ಇನ್ನಷ್ಟು ಸಡಿಲವಾಗುತ್ತದೆಂದು ಕಾರ್ಮಿಕ ಸಂಘಗಳು ವಿರೋಧಿಸುತ್ತಿವೆ. ಅವರ ಆತಂಕಕ್ಕೆ ಆಧಾರವಿದೆ.

ಸಂಬಳದ ಬದಲು ಪ್ರತಿ ಡೆಲಿವರಿಗೆ, ಪ್ರತಿ ಟ್ರಿಪ್ಪಿಗೆ ದುಡ್ಡು ಪಡೆಯುವ ಗಿಗ್ ಕೆಲಸಗಾರರು ಈ ಸಂಹಿತೆಯ ಕನಿಷ್ಠ ವೇತನದ ಹೊರಗೇ ಇದ್ದಾರೆ. ಕರ್ನಾಟಕ 2025ರಲ್ಲಿ ಅವರಿಗಾಗಿ ಕಾಯ್ದೆ ತಂದು, ಪ್ರತಿ ವಹಿವಾಟಿನ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಿಧಿಸಿತು. ಕಲ್ಯಾಣ ಮಂಡಳಿಯನ್ನೂ, ಖಾತೆ ನಿಲ್ಲಿಸುವ ಮೊದಲು ಕಾರಣ ತಿಳಿಸಬೇಕೆಂಬ ನಿಯಮವನ್ನೂ ತಂದಿತು. ಗಂಟೆಯ ಕನಿಷ್ಠ ಗಳಿಕೆ ಆ ಕಾಯ್ದೆಯಲ್ಲಿಲ್ಲ. ಆರ್ಡರ್‌ಗಾಗಿ ಹೋಟೆಲಿನ ಮುಂದೆ ಕಾಯುವ ಹೊತ್ತನ್ನು ಕೆಲಸದ ಹೊತ್ತೆಂದು ಎಣಿಸಬೇಕೇ ಎಂಬುದು ಅವರ ಸಂಘಗಳು ಸರ್ಕಾರದ ಮುಂದಿಟ್ಟಿರುವ ಪ್ರಶ್ನೆ.